ಒಳಗೆ ಏನು ಕೇಳಿದರು

ತಮ್ಮನಿಗೆ ಕಿಡ್ನಿ ಕೊಡುವವಳು ನಾನೇ ಎಂದು ಮನೆಯವರು ತೀರ್ಮಾನಿಸಿದಾಗ ನಾನು ಅಲ್ಲಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಜ್ಜನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಕೇಳುತ್ತಿದ್ದೆ. ಆಗ ಚಿಕ್ಕಮ್ಮನ ಫೋನು ಬಂತು.

"ಅವನ ಹೆಂಡತೀದು ಆಗಲ್ವಂತೆ ಕಣೆ. ಇನ್ನೇನು, ನೀನಿದ್ದೀಯಲ್ಲ. ರಕ್ತದ ಗುಂಪೂ ಒಂದೇ. ನಿನಗೇನು, ಗಂಡನಾ, ಮಕ್ಕಳಾ?" ಎಂದರು. ಅಂದದ್ದು ಸ್ವಲ್ಪ ಜಾಸ್ತಿಯಾಯಿತು ಅನಿಸಿತೇನೋ, "ದೇವರು ಇದಕ್ಕೇ ನಿನ್ನ ಒಂಟಿಯಾಗಿ ಇಟ್ಟಿದ್ದ ಅಂತ ಕಾಣುತ್ತೆ" ಎಂದು ಸೇರಿಸಿದರು.

ಅಜ್ಜ ಕಾಯುತ್ತಿದ್ದರು. ನಾನು ಹೂಂ ಅಂದೆ. ಫೋನು ಇಡಿಸಲು ಅಂದ ಹೂಂ ಅದು. ಸಂಜೆಯ ಹೊತ್ತಿಗೆ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿತ್ತು: ಅಕ್ಕ ಒಪ್ಪಿಕೊಂಡಳು.

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯ ಸರದಿ ಬರುವಷ್ಟರಲ್ಲಿ ತಮ್ಮ ಇರುತ್ತಾನೆಂಬ ಭರವಸೆ ಇರಲಿಲ್ಲ. ಖಾಸಗಿ ಆಸ್ಪತ್ರೆಯೆಂದರೆ ಇರುವ ಮನೆ ಮಾರಬೇಕು. ವಿಮಾನ ಹತ್ತಿ ಬೇರೆ ದೇಶಕ್ಕೆ ಹೋದರೆ ಅದೇ ಶಸ್ತ್ರಚಿಕಿತ್ಸೆಯನ್ನು, ಇನ್ನೂ ಪಳಗಿದ ಕೈಗಳಿಂದ, ಮನೆ ಉಳಿಸಿಕೊಂಡೇ ಮಾಡಿಸಿಕೊಂಡು ಬರಬಹುದಿತ್ತು. ತಮ್ಮ ಮತ್ತು ಅವನ ಹೆಂಡತಿ ಒಮ್ಮೆ ಹೋಗಿ ಬಂದಿದ್ದರು. ಆಗ ಕೊಡಲು ಹೊರಟವಳು ಅವಳೇ. ಎಲ್ಲ ಪರೀಕ್ಷೆ ಮುಗಿದ ಮೇಲೆ, ಕೊನೆಯಲ್ಲಿ, ಆಗುವುದಿಲ್ಲ ಅಂದರಂತೆ. ಈ ಸಲ ಅವರಿಬ್ಬರ ಜೊತೆ ನಾನು.

ಆಸ್ಪತ್ರೆಯ ಒಳಗೆ ಔಷಧಿಯ ವಾಸನೆಯೇ ಇರಲಿಲ್ಲ, ಕಾಫಿಯ ವಾಸನೆ ಇತ್ತು. ಮೆತ್ತನೆಯ ಸೋಫಾಗಳ ಮೇಲೆ ಯಾವ ಯಾವುದೋ ದೇಶದ ಜನ ತಮ್ಮ ಎಕ್ಸ್‌ರೇಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಅಕ್ಕಾ, ಸೋಫಾ ನೋಡು. ಸತ್ತರೂ ಇಲ್ಲೇ ಸಾಯಬೇಕು" ಎಂದ ತಮ್ಮ. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ" ಎಂದು ಅವನ ಹೆಂಡತಿ ಬೈದು, ಅವನ ಬೆನ್ನಿಗೆ ದಿಂಬು ಸರಿಮಾಡಿದಳು.

ನಾವು ಇಳಿದುಕೊಂಡದ್ದು ಎದುರು ರಸ್ತೆಯ ಒಂದು ಬಾಡಿಗೆ ಕೋಣೆಯಲ್ಲಿ. ಅಡುಗೆಮನೆ ಆ ಮಹಡಿಯ ಎಲ್ಲರಿಗೂ ಸೇರಿ ಒಂದೇ. ಅವಳು ಬೆಳಿಗ್ಗೆ ಎದ್ದು ತರಕಾರಿ ಹೆಚ್ಚಿ ನೀರಿನಲ್ಲಿ ನೆನೆಹಾಕುತ್ತಿದ್ದಳು. ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ, ಅದನ್ನೂ ಚೆಲ್ಲುತ್ತಿದ್ದಳು. ಕಿಡ್ನಿ ಕೆಟ್ಟವರಿಗೆ ತರಕಾರಿಯ ಸತ್ವವೇ ವಿಷ. ವರ್ಷಗಟ್ಟಲೆ ಹೀಗೆ ಮಾಡಿ ಅವಳ ಬೆರಳ ತುದಿಗಳು ಸದಾ ನೆರಿಗೆಗಟ್ಟಿರುತ್ತಿದ್ದವು. ಅವನು ಕುಡಿಯುವ ನೀರೂ ಅವಳ ಲೆಕ್ಕದ್ದೇ. ಒಂದು ಗುಟುಕು ಹೆಚ್ಚು ಕೇಳಿದರೆ ಐಸಿನ ಚೂರು ಕೊಟ್ಟು, "ಚೀಪಿ" ಎನ್ನುತ್ತಿದ್ದಳು. ಅವಳ ಸೇವೆಯಲ್ಲಿ ತಪ್ಪು ಹುಡುಕಲು ಚಿಕ್ಕಮ್ಮನಿಂದಲೂ ಆಗಿರಲಿಲ್ಲ.

ನನ್ನ ರಕ್ತ, ಮೂತ್ರ, ಎದೆ, ಹೊಟ್ಟೆ ಎಲ್ಲ ನೋಡಿ ಮುಗಿಸಿದರು. ಉಳಿದದ್ದು ಒಂದು ಮಾತುಕತೆ ಮಾತ್ರ ಎಂದರು. ಒಬ್ಬಳೇ ಹೋಗಬೇಕು. ತಮ್ಮನ ಹೆಂಡತಿ ಹೊರಗಿನ ಬೆಂಚಿನ ಮೇಲೆ ನನ್ನ ಕೈಚೀಲ ಹಿಡಿದು ಕೂತಳು.

ಒಳಗೆ ಒಬ್ಬ ವೈದ್ಯೆ, ಪಕ್ಕದಲ್ಲಿ ನಮ್ಮ ಭಾಷೆ ಬಲ್ಲ ದುಭಾಷಿ. ಮೇಜಿನ ಮೇಲೆ ಒಂದು ನೀರಿನ ಲೋಟ ಬಿಟ್ಟು ಏನೂ ಇಲ್ಲ. ವೈದ್ಯೆ ಮಾತಾಡಿದಳು, ದುಭಾಷಿ ಅದನ್ನು ನಮ್ಮ ಮಾತಿಗೆ ತಂದಳು.

"ನಾನು ನಿಮ್ಮ ತಮ್ಮನ ವೈದ್ಯೆ ಅಲ್ಲ. ನಾನು ನಿಮ್ಮ ವೈದ್ಯೆ. ನೀವು ಇಲ್ಲಿ ಆಡೋ ಮಾತು ಆ ಬಾಗಿಲು ದಾಟಲ್ಲ. ಹೇಳಿ, ನಿಮಗೆ ಕೊಡೋಕೆ ಇಷ್ಟ ಇದೆಯಾ?"

ನಾನು ಬಾಯಿ ತೆರೆದೆ. ಹೌದು ಎನ್ನುವುದು ಅಭ್ಯಾಸದಿಂದ ತುಟಿಯವರೆಗೆ ಬಂದಿತ್ತು, ಅಲ್ಲೇ ನಿಂತುಬಿಟ್ಟಿತು. ಇಡೀ ದಿನ ಬೇರೆಯವರನ್ನು ಇದಾ ಅದಾ ಎಂದು ಕೇಳುವವಳು ನಾನು. ಜನ ಮೊದಲು ಹೇಳುವ ಉತ್ತರ ನನ್ನನ್ನು ಮೆಚ್ಚಿಸಲು ಹೇಳುವುದು ಎಂದು ನನಗೆ ಗೊತ್ತು. ಅದಕ್ಕೇ ನಾನು ಸುಮ್ಮನೆ ಕಾಯುತ್ತೇನೆ. ಈಕೆಯೂ ಹಾಗೇ ಕಾದಳು.

ನನಗೆ ನೆನಪಾದದ್ದು ಈಜುಕೊಳ. ಐದಾರು ವರ್ಷಗಳಿಂದ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಈಜಲು ಹೋಗುತ್ತೇನೆ. ನಲವತ್ತು ದಾಟಿದ ಮೇಲೆ ಕಲಿತದ್ದು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿದ, ತಮ್ಮನನ್ನು ಸೊಂಟದಲ್ಲಿ ಹೊತ್ತು ತಿರುಗಿದ ಮೈ ಇದು. ಕೆಲಸಕ್ಕಲ್ಲದೆ ಸುಮ್ಮನೆ ನನ್ನದಾಗಿ ಇದ್ದದ್ದು ಆ ನೀರಿನಲ್ಲಿ ಮಾತ್ರ.

"ಇಷ್ಟ ಇಲ್ಲ ಅಂದ್ರೆ?" ಎಂದೆ.

"ಇಲ್ಲ ಅಂದ್ರೆ ಇಲ್ಲಿಗೇ ಮುಗೀತು. ನಿಮ್ಮ ಮನೆಯವರಿಗೆ ನಾವು ಒಂದೇ ಮಾತು ಹೇಳ್ತೀವಿ. ವೈದ್ಯಕೀಯ ಕಾರಣಗಳಿಂದ ಇವರು ಕೊಡೋ ಹಾಗಿಲ್ಲ, ವಿವರ ಕೇಳಬೇಡಿ. ನಿಜವಾಗಿ ಕೊಡೋಕೆ ಆಗದವರಿಗೂ ಇದೇ ಮಾತು, ಮನಸ್ಸಿಲ್ಲದವರಿಗೂ ಇದೇ ಮಾತು. ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ."

ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಅವರಿಬ್ಬರು ಹಿಂದಿನ ಸಲ ಬಂದಿದ್ದಾಗ ತಮ್ಮ ಇಲ್ಲಿಂದಲೇ ಫೋನಿನಲ್ಲಿ ಹೇಳಿದ್ದು ಅದೇ ಮಾತು, ವಿವರ ಕೇಳಬೇಡಿ ಎಂಬುದೂ ಸೇರಿ. ಅವನ ಹೆಂಡತಿ ಇದೇ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮೈ ಒಲ್ಲೆ ಅಂದಿತ್ತೋ, ಅವಳೇ ಅಂದಿದ್ದಳೋ.

"ನಾಳೆ ಬೆಳಿಗ್ಗೆ ಹೇಳಬಹುದಾ?" ಎಂದೆ. ವೈದ್ಯೆ ಆಗಲೆಂದು ತಲೆಯಾಡಿಸಿದಳು.

ಹೊರಗೆ ಬಂದಾಗ ತಮ್ಮನ ಹೆಂಡತಿ ಎದ್ದು ನಿಂತಳು. ನನ್ನ ಮುಖ ನೋಡಲಿಲ್ಲ, ಕೈಚೀಲದ ಜಿಪ್ಪು ನೋಡುತ್ತಾ ಕೇಳಿದಳು.

"ಒಳಗೆ ಏನ್ ಕೇಳಿದ್ರು ಅತ್ತಿಗೆ?"

"ಏನಿಲ್ಲ. ವಯಸ್ಸು, ಕೆಲಸ, ಮುಂಚೆ ಏನಾದ್ರೂ ಕಾಯಿಲೆ ಇತ್ತಾ ಅಂತ. ನಾಳೆ ಇನ್ನೊಂದ್ಸಲ ಬರಬೇಕಂತೆ."

ಅವಳ ಉಸಿರು ಹೊರಗೆ ಬಂದದ್ದು ನನಗೆ ಕೇಳಿಸಿತು. "ಹೂಂ, ನನಗೂ ಅಷ್ಟೇ ಕೇಳಿದ್ದು" ಎಂದಳು.

ನಾನು ಸುಳ್ಳು ಹೇಳಿದ್ದೆ. ಹಾಗಾದರೆ ಅವಳೂ ಹೇಳಿದ್ದಳು. ಒಲ್ಲೆ ಅಂದದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು, ಅಥವಾ ಸಿಕ್ಕಿತೆಂದು ನಾನು ನಂಬಿಕೊಂಡೆ. ರಸ್ತೆ ದಾಟುವಾಗ ಅವಳು ಅಭ್ಯಾಸದಂತೆ ನನ್ನ ಮೊಣಕೈ ಹಿಡಿದಳು. ನಾನು ಬಿಡಿಸಿಕೊಂಡೆ. ಅವಳಿಗೆ ಗಂಡ ಬೇಕು, ಗಂಡನಿಗೆ ಕೊಡುವುದಕ್ಕೆ ಮಾತ್ರ ನಾನು ಬೇಕು. ಒಂಟಿ ಹೆಂಗಸಿನ ಮೈ ಅಂದರೆ ಮನೆಯ ಅಟ್ಟದ ಮೇಲಿಟ್ಟ ಪಾತ್ರೆ, ಬೇಕಾದಾಗ ಯಾರಾದರೂ ಇಳಿಸಿಕೊಳ್ಳಬಹುದು. ಒಂದು ಮಾತು ಸಾಕಿತ್ತು. ತಮ್ಮನ ಕಿವಿಯಲ್ಲಿ ಆ ಒಂದು ಮಾತು ಹಾಕಿದರೆ ಇವರ ಸಂಸಾರ ಬೆಳಗಾಗುವುದರೊಳಗೆ ಒಡೆದ ಮಡಕೆ.

ಮಧ್ಯಾಹ್ನ ಅವನಿಗೆ ಡಯಾಲಿಸಿಸ್. ಅವಳು ಅಡುಗೆಗೆಂದು ಕೋಣೆಯಲ್ಲಿ ಉಳಿದಳು. ನಾನು ಅವನ ಪಕ್ಕ ಕೂತೆ. ಅವನ ತೋಳಿನಿಂದ ಹೊರಟ ಕೆಂಪು ಕೊಳವೆ ಯಂತ್ರದೊಳಗೆ ಹೋಗಿ ಮತ್ತೆ ತೋಳಿಗೆ ಬರುತ್ತಿತ್ತು.

"ನೋಡು, ನನ್ನ ರಕ್ತ ವಾಕಿಂಗ್ ಹೋಗಿ ಬರ್ತಿದೆ. ನಾನು ಮಾತ್ರ ಮಲಗಿದಲ್ಲೇ" ಎಂದ. ಆಮೇಲೆ, ಊರಿಗೆ ಹೋದ ಮೇಲೆ ಏನೇನು ತಿನ್ನಬೇಕು, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂದೆಲ್ಲ ಹೇಳಿದ. ನನ್ನ ಕಿಡ್ನಿ ಆಗಲೇ ಅವನ ಹೊಟ್ಟೆಯಲ್ಲಿದ್ದ ಹಾಗೆ.

"ಅವಳದೇ ಆಗಿದ್ದಿದ್ರೆ ನಿನಗೆ ಈ ಕಷ್ಟ ಇರ್ತಿರಲಿಲ್ಲ" ಎಂದ. "ಪಾಪ, ಆಗಲ್ಲ ಅಂದ ದಿನ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದಾಳೆ. ನನಗೆ ಕೇಳಿಸಲ್ಲ ಅನ್ಕೊಂಡಿದ್ಲು."

ಮಾತು ನಾಲಿಗೆಯ ತುದಿಯಲ್ಲಿತ್ತು. ನಲ್ಲಿ ಬಿಟ್ಟುಕೊಂಡು ಅತ್ತದ್ದು ಕೇಳಿ ಅದು ಅಲ್ಲೇ ತಡೆಯಿತು. ತನ್ನ ಮೈಯೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಕೊಟ್ಟ ಹೆಂಗಸು, ಆ ಒಂದಕ್ಕೆ ಹೆದರಿ, ಹೆದರಿದ್ದಕ್ಕೆ ನಾಚಿ, ಅತ್ತಿದ್ದಳು. ಅದು ಸುಳ್ಳು ಅಳುವಾಗಿರಲು ಸಾಧ್ಯವಿರಲಿಲ್ಲ. ಆ ವೈದ್ಯೆಯ ಮಾತು ಅವಳನ್ನು ಇಷ್ಟು ದಿನ ಮುಚ್ಚಿ ಕಾಪಾಡಿತ್ತು. ಅದನ್ನು ನಾನು ಇವತ್ತು ಹರಿದರೆ, ನಾಳೆ ಬೆಳಿಗ್ಗೆ ನನಗೆ ಬೇಕಾದಾಗ ಹೊದ್ದುಕೊಳ್ಳಲು ಅದು ಇರುತ್ತಿರಲಿಲ್ಲ. ನನಗೂ ಅದು ಬೇಕಾಗಬಹುದಿತ್ತು. ಒಪ್ಪಿಕೊಳ್ಳುವುದಕ್ಕೆ ಕಷ್ಟ, ಆದರೆ ಆ ಲೆಕ್ಕವೂ ಮನಸ್ಸಿನಲ್ಲಿ ಇತ್ತು.

"ಅವಳ ಮೈಗೆ ಆಗಲಿಲ್ಲ, ಬಿಡು. ಅವಳೇನು ಮಾಡ್ತಾಳೆ" ಎಂದೆ. ಮತ್ತೆ, "ನೀನು ನನ್ನ ಕೇಳಲೇ ಇಲ್ಲ" ಎಂದೆ.

"ಏನ್ ಕೇಳಲಿಲ್ಲ?"

"ಕಿಡ್ನಿ."

ಅವನು ನಕ್ಕ. "ಕೇಳೋದೇನೇ? ನೀನು ಅಕ್ಕ."

"ಅಕ್ಕ ಅಂತ ಕೇಳಲಿಲ್ಲ. ಚಿಕ್ಕಮ್ಮ ಹೇಳಿದ್ರು, ನೀನು ಟಿಕೆಟ್ ತೆಗೆದೆ. ಒಬ್ಬರೂ ಕೇಳಲಿಲ್ಲ. ಈಗ ಕೇಳು. ಬೇಡ ಅನ್ನೋದಕ್ಕೂ ನನಗೆ ಜಾಗ ಇರೋ ಹಾಗೆ ಕೇಳು."

ನಗು ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು ಆರಿತು. ಅವನು ಚಾವಣಿ ನೋಡಿದ.

"ಭಯ ಆಗಿತ್ತು ಅಕ್ಕಾ" ಎಂದ ಕೊನೆಗೆ. "ಕೇಳಿದ್ರೆ, ನೀನು ಇಲ್ಲ ಅಂದ್ರೆ? ಕೇಳದೇ ಇದ್ರೆ ಇಲ್ಲ ಅನ್ನಲ್ಲ ಅಂತ ಗೊತ್ತಿತ್ತು."

"ನನಗೂ ಗೊತ್ತಿತ್ತು."

ಅವನು ಕೊಳವೆಯಿಲ್ಲದ ಕೈಯಿಂದ ಮುಖ ಒರೆಸಿಕೊಂಡ. ಮೂಳೆ ಎದ್ದ ಆ ಮುಖದಲ್ಲಿ, ಕೇಳದೆ ನನ್ನ ತಟ್ಟೆಗೆ ಕೈಹಾಕುತ್ತಿದ್ದ ಚಿಕ್ಕ ಹುಡುಗ ಎಲ್ಲೋ ಇದ್ದ.

"ಅಕ್ಕಾ, ನಿನ್ನ ಒಂದು ಕಿಡ್ನಿ ನನಗೆ ಕೊಡ್ತೀಯಾ? ಕೊಡದಿದ್ರೆ... ಕೊಡದಿದ್ರೆ ಒಂದಷ್ಟು ದಿನ ಮುನಿಸ್ಕೋತೀನಿ. ಸುಳ್ಳು ಹೇಳಲ್ಲ. ಆದ್ರೆ ಆಮೇಲೆ ನಾನೇ ಮಾತಾಡಿಸ್ತೀನಿ."

"ಯೋಚನೆ ಮಾಡ್ತೀನಿ" ಎಂದೆ.

"ಎಂಥಾ ಜಂಬ ನೋಡು" ಎಂದ. ಇಬ್ಬರಿಗೂ ನಗು ಬಂತು. ನರ್ಸು ತಿರುಗಿ ನೋಡಿದಳು. ಅವಳಿಗೆ ನಾವು ಅಳುತ್ತಿದ್ದ ಹಾಗೆ ಕಂಡಿತ್ತೇನೋ, ಹತ್ತಿ ತಂದುಕೊಟ್ಟಳು.

ಬೆಳಿಗ್ಗೆ ಅದೇ ಕುರ್ಚಿ, ಅದೇ ನೀರಿನ ಲೋಟ.

"ಕೊಡ್ತೀನಿ" ಎಂದೆ.

"ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಮಾಡಿದ್ರು, ಇಷ್ಟು ದಿನ. ನಿನ್ನೆ ಅವನು ಕೇಳಿದ. ಈಗ ಹೇಳ್ತಿರೋದು ನಾನು."

ದುಭಾಷಿ ಅದನ್ನು ನಿಧಾನವಾಗಿ, ಎಚ್ಚರಿಕೆಯಿಂದ ಹೇಳಿದಳು. ನಿಮ್ಮ ಪ್ರಶ್ನೆ ಏನಾದರೂ ಇದೆಯೇ ಎಂದು ವೈದ್ಯೆ ಕೇಳಿದಳು. ಒಂದೇ ಇತ್ತು, ಅದನ್ನು ಕೇಳಿದೆ.

ಹೊರಗೆ ತಮ್ಮನ ಹೆಂಡತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ಆಯ್ತು" ಎಂದೆ. "ತಾರೀಖು ಮಧ್ಯಾಹ್ನ ಹೇಳ್ತಾರಂತೆ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನೆರಿಗೆಗಟ್ಟಿದ ಬೆರಳುಗಳು ತಣ್ಣಗಿದ್ದವು. "ಅತ್ತಿಗೆ, ನಾನು ಹೋದ ಸಲ... ಆ ರೂಮಲ್ಲಿ..."

"ಗಾಯ ಒಣಗಿದ ಮೇಲೆ ಈಜಬಹುದಂತೆ" ಎಂದೆ.

"ಈಜು?" ಅವಳ ಕಣ್ಣೀರು ಅರ್ಧಕ್ಕೇ ನಿಂತಿತು. "ನೀವು ಈಜ್ತೀರಾ?"

"ಎಷ್ಟೋ ವರ್ಷದಿಂದ. ದಿನಾ ಬೆಳಿಗ್ಗೆ."

"ಯಾವತ್ತೂ ಹೇಳಲೇ ಇಲ್ವಲ್ಲ!"

"ಹೇಳದೆ ಇಟ್ಕೊಂಡಿರೋದು ಎಲ್ಲರ ಹತ್ರನೂ ಒಂದಿರುತ್ತೆ ಕಣೆ. ಇರಲಿ. ನಿನ್ನ ಹತ್ರ ಇರೋದೂ ನಿನ್ನ ಹತ್ರನೇ ಇರಲಿ."

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ನನಗೆಷ್ಟು ಗೊತ್ತು ಎಂದು ಅವಳಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಅವಳು ಕೈಚೀಲ ಹೆಗಲಿಗೆ ಹಾಕಿಕೊಂಡಳು. ರಸ್ತೆಯ ಅಂಚಿಗೆ ಬಂದಾಗ ಅವಳ ಕೈ ನನ್ನ ಮೊಣಕೈಯ ಹತ್ತಿರ ಬಂದು, ಮುಟ್ಟದೆ, ಕಾಯಿತು.

ನಾನೇ ಅವಳ ಕೈ ಹಿಡಿದುಕೊಂಡು ರಸ್ತೆ ದಾಟಿದೆ.