ಒಂದು ಪನ್ನ ವೆಲೂರು

ಚಳಿಗಾಲ ಮುಗಿಯುತ್ತಾ ಬಂದಿತ್ತು, ನಡುಮಧ್ಯಾಹ್ನದ ಹೊತ್ತು. ಮಾವನ ಹೊಲಿಗೆ ಅಂಗಡಿಯಲ್ಲಿ, ನಾಟಕಶಾಲೆಯ ದೊಡ್ಡ ಪರದೆಗೆ ಭಾವ ಕತ್ತರಿಸಿ ಕೊಟ್ಟ ಪನ್ನಗಳನ್ನು, ಒಂದೇ ಅಗಲದ ಉದ್ದ ತುಂಡುಗಳನ್ನು, ಕಿರಿಸೊಸೆ ಒಂದೊಂದಾಗಿ ಹೊಲಿಗೆ ಯಂತ್ರಕ್ಕೆ ಕೊಡುತ್ತಿದ್ದಳು. ಪರದೆ ಚೆನ್ನಾಗಿ ಬಂದರೆ ಇನ್ನು ಮುಂದೆ ಕತ್ತರಿ ನಿನ್ನ ಕೈಗೆ ಎಂದು ಮಾವ ಮಾತು ಕೊಟ್ಟಿದ್ದರು. ಕತ್ತರಿಸುವ ಮೇಜು ಅವಳಿಗೆ ಕೈಚಾಚಿದರೆ ಸಿಗುವ ದೂರ. ಮದುವೆಯಾಗಿ ಬಂದಾಗಿನಿಂದ ಅದೇ ದಾಟಲಾಗದ ಹೊಳೆ.

ಕೊನೆಯ ತುಂಡಿಗೆ ಬೆರಳು ನಿಂತಿತು. ಬಣ್ಣ ಅದೇ ಕೆಂಪು, ಮೇಲಿನ ನವಿರೂ ಅಷ್ಟೇ ಮೆತ್ತಗೆ. ಅಂಚು ಹಿಡಿದು ಎಳೆದಳು. ನಾದಿದ ಹಿಟ್ಟಿನಂತೆ ಜಗ್ಗಿತು. ಹಿಂಬದಿ ತಿರುಗಿಸಿದರೆ ಹೆಣೆದ ಕುಣಿಕೆಗಳ ಸಾಲು.

“ಭಾವ, ಉಳಿದಿದ್ದೆಲ್ಲ ಮಗ್ಗದಲ್ಲಿ ನೇಯ್ದ ವೆಲ್ವೆಟ್ಟು. ಇದು ವೆಲೂರು, ಸ್ವೆಟರ್ ಥರ ಹೆಣೆದಿದ್ದು. ತೂಗುಹಾಕಿದ್ರೆ ತನ್ನ ಭಾರಕ್ಕೇ ಇಳಿಯುತ್ತೆ.”

“ಒಂದು ಪನ್ನ ಕಮ್ಮಿ ಬಿತ್ತು ಕಣಮ್ಮ, ಅಂಗಡೀಲಿ ಉಳಿದಿದ್ದು ಸೇರಿಸ್ದೆ. ಕತ್ತಲೇಲಿ ನಾಟಕ ನೋಡೋರು ಪರದೆ ಮುಟ್ಟಿ ನೋಡ್ತಾರಾ?”

“ನೋಡೋರು ಬಿಟ್ರೂ ಬಟ್ಟೆ ಬಿಡಲ್ಲ ಭಾವ.”

“ಅಣ್ಣ ಹೇಳಿದ ಮೇಲೆ ಮುಗೀತಲ್ಲ,” ಎಂದ ಪಕ್ಕದ ಯಂತ್ರದಲ್ಲಿ ಕೂತಿದ್ದ ಗಂಡ.

ಹೊಲಿದಳು.

ಕೆಲವೇ ದಿನಗಳಲ್ಲಿ ಪರದೆ ವಾಪಸು ಬಂತು. ತೂಗುಹಾಕಿದ ಮೇಲೆ ಅದರ ಒಂದು ತುದಿ ಜಗ್ಗಿ ನೆಲಕ್ಕೆ ಇಳಿದಿತ್ತು. ನಾಟಕಶಾಲೆಯ ಯಜಮಾನ ಬಾಗಿಲಲ್ಲೇ ನಿಂತು, “ನಾನು ಹೇಳಿದ್ದು ಪರದೆ, ಪೊರಕೆ ಅಲ್ಲ,” ಎಂದ.

“ಹೊಲಿಯುವಾಗ ಎಳೆದುಬಿಟ್ಟಿದ್ದಾಳೆ,” ಎಂದ ಭಾವ, ನೀರು ಕುಡಿದಷ್ಟು ಸಲೀಸಾಗಿ.

ಮಾವನಿಗೆ ಕಣ್ಣು ಮಂಜು. ಆದರೆ ಬಟ್ಟೆ ಅವರ ಬೆರಳಿಗೆ ಎಂದೂ ಸುಳ್ಳು ಹೇಳಿದ್ದಿಲ್ಲ. ಆ ತುಂಡನ್ನು ಎಳೆದು ಬಿಟ್ಟರು, ಹಿಂಬದಿಯನ್ನು ಉಗುರಿನಿಂದ ಸವರಿದರು. ಅವರಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಗಂಡನತ್ತ ನೋಡಿದಳು. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. ಸೂಜಿಯಲ್ಲಿ ದಾರ ಆಗಲೇ ಇತ್ತು.

“ಕತ್ತರಿ ದೊಡ್ಡವನ ಹತ್ರಾನೇ ಇರ್ಲಿ,” ಎಂದರು ಮಾವ. “ಹೊಲಿಯೋಳು ನೋಡ್ಕೊಂಡು ಹೊಲೀಬೇಕಿತ್ತು.”

“ನಾನು ನೋಡಿದ್ದೆ ಮಾವ. ನೀವೂ ಈಗ ನೋಡಿದ್ರಿ.”

ಮಾವ ಬಟ್ಟೆಯನ್ನು ಮೊಣಕಾಲ ಮೇಲಿಂದ ಮೆಲ್ಲಗೆ ಸರಿಸಿದರು.

ವೆಲೂರಿನ ಪನ್ನವನ್ನು ಅವಳೇ ಬಿಚ್ಚಿ, ಹೊಸದಾಗಿ ತಂದ ವೆಲ್ವೆಟ್ಟು ಜೋಡಿಸಿ, ಪರದೆ ಮಡಚಿಟ್ಟಳು. ಆಮೇಲೆ ಊರಾಚೆಯ ದರ್ಜಿಯೊಬ್ಬನಲ್ಲಿ ಕೆಲಸ ಕೇಳಿಕೊಂಡಳು. “ಅಲ್ಲೂ ಹೊಲಿಯೋದೇ ತಾನೆ?” ಎಂದ ಗಂಡ. “ಹೌದು. ಆದ್ರೆ ಅಲ್ಲಿ ಯಾರೂ ನಂಗೆ ಮಾತು ಕೊಟ್ಟಿಲ್ಲ,” ಎಂದಳು.

ಆ ಕೆಲಸಕ್ಕೆ ಅವಳು ಹೊರಟದ್ದು ಗುರುವಾರ, ಒಬ್ಬಳೇ.