ಎಕ್ಸ್‌ರೇಯೊಳಗಿನ ಉಂಗುರ

"ಇದೇನೇ ಇದು, ಕತ್ತಲ್ಲಿ ಮೀನಿನ ಮುಳ್ಳು ಸಿಗಾಕ್ಕೊಂಡಂಗೈತೆ?"

ವೆಂಕಟಲಕ್ಷ್ಮಮ್ಮ ಸೊಸೆಯ ಭುಜದ ಹಿಂದಿನಿಂದ ಇಣುಕಿದರು. ಸ್ಪಂದನ ಗಂಡನ ಎಕ್ಸ್‌ರೇ ಫಿಲ್ಮನ್ನು ಅಡುಗೆಮನೆಯ ಕಿಟಕಿ ಗಾಜಿಗೆ ಒತ್ತಿ ಹಿಡಿದಿದ್ದಳು. ಪಕ್ಕದ ಸೈಟಿನಲ್ಲಿ ಏಳುತ್ತಿದ್ದ ಮನೆಯ ಗಾರೆ ಸದ್ದಿನ ನಡುವೆ ಅತ್ತೆ ಬಂದದ್ದು ಅವಳಿಗೆ ಕೇಳಿಸಿರಲಿಲ್ಲ.

"ಮುಳ್ಳಲ್ಲ ಅತ್ತೆ, ಬೆರಳು."

"ಯಾರ್ದೇ?"

"ಆ ಹುಡುಗೀದು."

ಫಿಲ್ಮಿನಲ್ಲಿ ಭೈರೇಶನ ಕತ್ತು ಪಕ್ಕದಿಂದ ಕಾಣುತ್ತಿತ್ತು. ಒಂದರ ಮೇಲೊಂದು ಕೂತ ಮೂಳೆಗಳು, ಕೊನೆಯದು ಭುಜದ ಬಿಳುಪಿನಲ್ಲಿ ಅರ್ಧ ಮುಳುಗಿತ್ತು. ದವಡೆಯ ಕೆಳಗೆ, ಸಂಬಂಧವೇ ಇಲ್ಲದಂತೆ, ನಾಲ್ಕು ಬೆರಳುಗಳ ಎಲುಬು. ಅದರಲ್ಲೊಂದರ ಮೇಲೆ ಅಡ್ಡಲಾಗಿ ಅಚ್ಚ ಬಿಳಿಯ ಗೆರೆ. ಅದು ಉಂಗುರ.

ಆಸ್ಪತ್ರೆಯಲ್ಲಿ ಡಾಕ್ಟರು ಇದೇ ಫಿಲ್ಮನ್ನು ದೀಪದ ಮುಂದಿಟ್ಟು, ಮೂಳೆಗಳ ಮುಂದಿನ ಅಂಚಿನುದ್ದಕ್ಕೂ ಪೆನ್ನು ಆಡಿಸಿ ತೋರಿಸಿದ್ದರು. "ಈ ಸಾಲು ನೋಡಿ, ಬಿಲ್ಲಿನ ಹಾಗೆ ನೀಟಾಗಿ ಬಂದಿದೆ. ಆರನೇ ಮೂಳೆ ಬಿರುಕು ಬಿಟ್ಟಿದೆ, ಅದು ಸಿ.ಟಿ.ಯಲ್ಲಿ ಗೊತ್ತಾಯ್ತು. ಆದ್ರೆ ಜರುಗಿಲ್ಲ. ಜರುಗಿದ್ರೆ ಕೈಕಾಲು ಹೋಗ್ತಿತ್ತು. ರೋಡಿಂದ ಇಲ್ಲೀತನಕ ತಲೆ ಅಲ್ಲಾಡದ ಹಾಗೆ ಹಿಡ್ಕೊಂಡು ಬಂದಿದೀರಲ್ಲ, ಅದಕ್ಕೇ ಉಳ್ಕೊಂಡ್ರು. ವೆರಿ ಗುಡ್ ಅಮ್ಮ."

ಅದು ನಾನಲ್ಲ ಎಂದು ಹೇಳಲು ಸ್ಪಂದನಳಿಗೆ ಬಾಯಿ ಬರಲಿಲ್ಲ. ಹೇಳದೆ ಆ ಹೊಗಳಿಕೆಯನ್ನು ಇಟ್ಟುಕೊಂಡದ್ದೂ ಚುಚ್ಚುತ್ತಿತ್ತು.

ರಾಜಾಜಿನಗರದ ಫ್ಯಾಕ್ಟರಿಯಿಂದ ಹೇರೋಹಳ್ಳಿಗೆ ಬರುವವನು ಮಾಗಡಿ ರೋಡು ಹಿಡಿದು ನೇರ ಬರಬೇಕು. ಭೈರೇಶ ಬೈಕಿನಿಂದ ಬಿದ್ದದ್ದು ಆ ದಾರಿಯಲ್ಲೇ ಇಲ್ಲದ ಚಂದ್ರಾ ಲೇಔಟಿನಲ್ಲಿ. ಹಿಂದೆ ಕೂತಿದ್ದವಳು ಅದೇ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಅಳತೆ ನೋಡುವ ವಚನಾ. ಅವಳ ತಲೆಯ ಮೇಲಿದ್ದದ್ದು ಸ್ಪಂದನಳ ನೇರಳೆ ಹೆಲ್ಮೆಟ್. ಶಿಫ್ಟ್ ಬದಲಾದಾಗಿನಿಂದ ಅವಳನ್ನು ಪಿ.ಜಿ.ಗೆ ಡ್ರಾಪ್ ಮಾಡುತ್ತಿದ್ದೆ ಎಂದು ಭೈರೇಶ ಹೇಳಿದ್ದು ಆಸ್ಪತ್ರೆಯಲ್ಲಿ, ಕತ್ತಿಗೆ ಗಟ್ಟಿ ಪಟ್ಟಿ ಬಿದ್ದ ಮೇಲೆ. ಹಾಗೆ ಮಲಗಿದವನ ಹತ್ತಿರ ಜಗಳ ಆಡುವುದಾದರೂ ಹೇಗೆ?

"ಸ್ಪಂದೂ," ಕೋಣೆಯಿಂದ ಅವನು ಕೂಗಿದ. "ಪಟ್ಟಿ ಒಳಗೆ ತುಂಬಾ ಕೆರೀತಿದೆ ಕಣೇ. ಇವತ್ತಾದ್ರೂ ಬಿಚ್ಚಿ ಒರೆಸ್ಬೇಕು."

ಅದಕ್ಕೆ ಇಬ್ಬರು ಬೇಕು ಎಂದು ನರ್ಸ್ ಹೇಳಿಕೊಟ್ಟಿದ್ದಳು. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ ಚರ್ಮ ಒರೆಸಿ ಮತ್ತೆ ಕಟ್ಟಬೇಕು. ವೆಂಕಟಲಕ್ಷ್ಮಮ್ಮನ ಕೈ ಕಾಫಿ ಲೋಟ ಹಿಡಿದರೂ ನಡುಗುತ್ತದೆ.

"ವಚನಾನ ಕರೆದಿದೀನಿ," ಅಂದ ಭೈರೇಶ. "ಅವ್ರಿಗೆ ಹಿಡ್ಕೊಳ್ಳೋದು ಗೊತ್ತು."

"ನನಗೂ ಗೊತ್ತು," ಅಂದಳು ಸ್ಪಂದನ.

ವಚನಾ ಬಂದಾಗ ಬಿಸಿಲು ಇಳಿದಿತ್ತು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ನೇರಳೆ ಹೆಲ್ಮೆಟ್. ಸ್ಪಂದನ ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದಳು. ಮೊಣಕೈ ತರಚಿದ್ದು ಇನ್ನೂ ಮಾಗಿರಲಿಲ್ಲ.

"ತೊಗೋರಿ ಅಕ್ಕಾ, ನಿಮ್ಮ ಹೆಲ್ಮೆಟ್. ಈ ಕಡಿ ಸ್ವಲ್ಪ ಗೀರಾಗೈತ್ರಿ. ಸರ್ ರೋಡಿನಾಗ ಅಂಗಾತ ಬಿದ್ಕೊಂಡು ಅದನ್ನ ಕೇಳಾಕತ್ತಿದ್ರು. 'ಹೆಲ್ಮೆಟ್ ಸ್ಪಂದನದು, ಏನಾರ ಆತೇನು ನೋಡ್ರಿ' ಅಂತ. ನನಗೇನಾತು ಅಂತ ಕೇಳ್ಲೇ ಇಲ್ಲ ನೋಡ್ರಿ!"

ವೆಂಕಟಲಕ್ಷ್ಮಮ್ಮ ನಕ್ಕುಬಿಟ್ಟರು. ಸ್ಪಂದನ ಹೆಲ್ಮೆಟ್ ಇಸಿದುಕೊಂಡು ಗೀರಿನ ಮೇಲೆ ಬೆರಳಾಡಿಸಿದಳು. ಅವಳಿಗೂ ನಗು ಬರಬೇಕಿತ್ತು. ಒಳಗಿನ ಬಟ್ಟೆಯಿಂದ ಬೇರೆ ಯಾವುದೋ ಎಣ್ಣೆಯ ವಾಸನೆ ಬಂತು.

"ಅಲ್ಲಮ್ಮಾ, ನಿಂಗೆ ಹೆಂಗೆ ಗೊತ್ತಾಯ್ತು, ಹಂಗೆ ಹಿಡ್ಕೋಬೇಕೂ ಅಂತ?" ಅತ್ತೆ ಕೇಳಿದರು. "ನಮ್ ಕಡೆಯೋರಾಗಿದ್ರೆ ಎತ್ತಿ ಕೂರ್ಸಿ ನೀರು ಕುಡಿಸ್ತಿದ್ರು."

"ಅಲ್ಲೂ ಕುಡಸಾಕ ಬಂದಿದ್ರು ಅಜ್ಜಿ. ಕೈ ಬಿಡಾಂಗಿಲ್ಲ ನಾ, ಬರೇ ಬಾಯಿಲೇ ಬೈದು ಓಡಿಸಿದೆ. ಫ್ಯಾಕ್ಟರಿಯಾಗ ಸೇಫ್ಟಿ ಕ್ಲಾಸ್ ಮಾಡಿದ್ರಿ. ಸರೂ ಬಂದಿದ್ರು, ಹಿಂದ ಕುಂತು ನಿದ್ದಿ ಮಾಡಿದ್ರು."

"ನಿದ್ದೆ ಇಲ್ಲ ಕಣ್ರೀ, ಕಣ್ಣು ಮುಚ್ಚಿ ಕೇಳ್ತಿದ್ದೆ," ಅಂದ ಭೈರೇಶ ಸೂರು ನೋಡುತ್ತ. ಅವನ ದನಿಯಲ್ಲಿ ಎಷ್ಟೋ ದಿನದಿಂದ ಕೇಳದ ಗೆಲುವಿತ್ತು. ಸ್ಪಂದನ ಹೆಲ್ಮೆಟ್ಟನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು.

ವಚನಾ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಉಂಗುರ ತೆಗೆದಿಟ್ಟು, ಕೈ ತೊಳೆದು ಬಂದಳು. "ಆವತ್ತು ಎಕ್ಸ್‌ರೇ ಅಣ್ಣ ತೆಗೀರಿ ತೆಗೀರಿ ಅಂದ. ತೆಗೀಬೇಕಂದ್ರ ಒಂದು ಕೈ ಬಿಡಬೇಕಲ್ರಿ ಅಕ್ಕಾ. ಉಂಗುರ ಹಂಗ ಬಿಟ್ಟೆ."

ಸ್ಪಂದನ ಮಂಚದ ತಲೆಯ ಕಡೆ ಹೋಗಿ ಮಂಡಿಯೂರಿದಳು. "ತಲೆ ನಾನು ಹಿಡ್ಕೋತೀನಿ. ನೀವು ಪಟ್ಟಿ ಬಿಚ್ಚಿ."

"ಆತ್ರಿ. ಅಂಗೈ ಕಿವಿ ಹತ್ರ, ಬೆರಳು ದವಡಿ ಕೆಳಗ. ಮೊಣಕೈ ಹಾಸಿಗಿ ಮ್ಯಾಲ ಊರ್ರಿ."

"ಪರವಾಗಿಲ್ಲ, ನರ್ಸ್ ಹೇಳಿಕೊಟ್ಟಿದ್ದಾರೆ."

ಅವಳು ಮೊಣಕೈ ಊರಲಿಲ್ಲ. ಪಟ್ಟಿ ಚರ್ರನೆ ಬಿಚ್ಚಿಕೊಂಡಾಗ ಗಂಡನ ತಲೆಯ ಪೂರಾ ಭಾರ ಅವಳ ಕೈಗೆ ಬಂತು. ಮದುವೆಯಾದ ಇಷ್ಟು ವರ್ಷದಲ್ಲಿ ಅವನ ಮುಖವನ್ನು ಹೀಗೆ ಎರಡೂ ಕೈಯಲ್ಲಿ ಹಿಡಿದದ್ದೇ ಇಲ್ಲ ಎಂಬುದು ಆಗ ಹೊಳೆಯಿತು. ಇನ್ನೊಬ್ಬಳು ಹಿಡಿದಿದ್ದಳು, ನಡುರೋಡಿನಲ್ಲಿ, ಎಲ್ಲರ ಮುಂದೆ. ಎಷ್ಟು ಹೊತ್ತು? ಅವನು ಅವಳ ಮುಖವನ್ನೇ ನೋಡುತ್ತಿದ್ದನೋ, ಕಣ್ಣು ಮುಚ್ಚಿದ್ದನೋ?

ತೋಳು ಜೋಮು ಹಿಡಿಯತೊಡಗಿತು. ಬಳೆಗಳು ಸಣ್ಣಗೆ ಕಿಣಿಕಿಣಿ ಎಂದವು.

"ಕೈ ನಡುಗ್ತಿದೆ ಕಣೇ," ಭೈರೇಶ ತುಟಿ ಅಲ್ಲಾಡಿಸದೆ ಅಂದ.

"ಸುಮ್ನಿರಿ, ಮಾತಾಡ್ಬೇಡಿ."

ಈಗ ಮೊಣಕೈ ಊರೋಣವೆಂದರೆ ತಲೆ ಅಲ್ಲಾಡುತ್ತದೆ. ಬೆರಳ ತುದಿಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಡಾಕ್ಟರು ಪೆನ್ನಿನಲ್ಲಿ ತೋರಿಸಿದ ಬಿಲ್ಲು ಕಣ್ಣ ಮುಂದೆ ಬಂತು, ನಡುವೆ ಎಲ್ಲೋ ಮುರಿದು. ಎದುರಿಗೆ ವಚನಾ ಒದ್ದೆ ಬಟ್ಟೆ ಹಿಡಿದು ನೋಡುತ್ತಿದ್ದಳು.

"ವಚನಾ," ಅಂದಳು ಸ್ಪಂದನ. "ನನ್ ಕೈಲಿ ಆಗ್ತಿಲ್ಲ. ಹಿಡ್ಕೊಳ್ಳಿ."

ವಚನಾ ಬಟ್ಟೆ ಬಿಸಾಡಿ ಬಂದು ಅವಳ ಪಕ್ಕದಲ್ಲೇ ಮಂಡಿಯೂರಿದಳು. "ನಾ ಹೇಳೋತನಕ ಬಿಡಬ್ಯಾಡ್ರಿ." ಅವಳ ಬೆರಳುಗಳು ಸ್ಪಂದನಳ ಅಂಗೈ ಕೆಳಗೆ ನುಸುಳಿದವು. ಒಂದು ಗಳಿಗೆ ಭೈರೇಶನ ಮುಖದ ಸುತ್ತ ನಾಲ್ಕು ಕೈಗಳಿದ್ದವು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

"ಈಗ ಬಿಡ್ರಿ."

ಸ್ಪಂದನ ಬಿಟ್ಟಳು. ತೋಳು ಉಜ್ಜಿಕೊಂಡು, ಬಿದ್ದ ಬಟ್ಟೆ ತೊಳೆದು ಹಿಂಡಿ ತಂದು, ಕೆಂಪಗಾದ ಕತ್ತನ್ನು ಮೆತ್ತಗೆ ಒರೆಸಿ ಪಟ್ಟಿ ಮತ್ತೆ ಕಟ್ಟಿದಳು. "ಕಾಲ್ಬೆರಳು ಆಡಿಸಿ," ಅಂದಳು. ಅವನು ಆಡಿಸಿದ. ಮತ್ತೊಮ್ಮೆ ಅಂದಳು. ಮತ್ತೆ ಆಡಿಸಿದ.

ವಚನಾ ಕಾಫಿ ಕುಡಿದು, ನಾಳೆ ಬರ್ತೀನ್ರಿ ಎಂದು ಹೊರಟ ಮೇಲೆ ಸ್ಪಂದನ ಅಡುಗೆಮನೆ ಕಿಟಕಿ ಹತ್ತಿರ ಬಂದಳು. ಉಂಗುರ ಅಲ್ಲೇ ಇತ್ತು. ಕಲ್ಲಿಲ್ಲದ, ಸವೆದ ಬೆಳ್ಳಿಯುಂಗುರ. ಅವಳು ಫಿಲ್ಮನ್ನು ತಂದು ಗಾಜಿಗೆ ಒತ್ತಿ, ದವಡೆಯ ಕೆಳಗಿನ ಆ ಬಿಳಿ ಗೆರೆಯ ಮೇಲೆ ಉಂಗುರವನ್ನು ಇಟ್ಟು ನೋಡಿದಳು.

ಉಂಗುರ ಚಿಕ್ಕದಾಗಿತ್ತು, ಫಿಲ್ಮಿನಲ್ಲಿ ಬಿದ್ದ ಅದರ ನೆರಳೇ ದೊಡ್ಡದು. ಗೆರೆ ಎರಡೂ ಕಡೆ ಹೊರಗೆ ಉಳಿಯಿತು.

"ಏನ್ ಮಾಡ್ತಿದೀಯಾ ಅಲ್ಲಿ?" ಒಳಗಿನಿಂದ ಭೈರೇಶ ಕೇಳಿದ.

ಅವಳು ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಮೆಟ್ಟದೆ ಮೆಟ್ಟಿಲಿಳಿದಳು. ಜಲ್ಲಿ ಸುರಿದ ರಸ್ತೆಯ ಕೊನೆಯಲ್ಲಿ ವಚನಾ ತರಚಿದ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಸ್ಸಿಗಾಗಿ ನಿಂತಿದ್ದಳು.