ಒಂದಿಂಚು ಕಮ್ಮಿ

ಕೋರ್ಟಿನಲ್ಲಿ "ಅಪರಾಧಿ" ಎಂಬ ಮಾತು ಬಂದ ಮರುದಿನವೇ ಬೀದಿಯವರೆಲ್ಲ "ಮುಗೀತಂತೆ" ಎಂದು ಮಾತಾಡಿಕೊಂಡರು. ನಲ್ಲಿಯ ಹತ್ತಿರ ಮುಗೀತು, ಹಿಟ್ಟಿನ ಗಿರಣಿಯಲ್ಲಿ ಮುಗೀತು, ಬಸ್ಸಿಗೆ ಕಾಯುವವರ ಬಾಯಲ್ಲೂ ಮುಗೀತು. ಹೊಲಿಗೆ ಅಂಗಡಿಯ ಅಕ್ಕ ಕೂಡ ಹಾಗೆಯೇ ತಿಳಿದಳು. ಬೆಳಗ್ಗೆ ಎದ್ದು ಬಾಗಿಲು ತೆಗೆದು, ಯಂತ್ರಕ್ಕೆ ಎಣ್ಣೆ ಬಿಟ್ಟು, ತಲೆ ತಗ್ಗಿಸಿ ತುಳಿಯತೊಡಗಿದಳು. ತಲೆ ಎತ್ತಿದರೆ ಯಾರಾದರೂ ಏನಾದರೂ ಕೇಳಿಯಾರು ಎಂಬ ಭಯ.

ಅಪರಾಧಿ ಎನಿಸಿಕೊಂಡವನು ಅವಳ ಒಬ್ಬನೇ ತಮ್ಮ. ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿಯವನು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಸ್ತ್ರಿ ಎಲ್ಲರೆದುರು ಅವನ ಕೆನ್ನೆಗೆ ಹೊಡೆದಿದ್ದ. ತಮ್ಮ ಕೈಗೆ ಸಿಕ್ಕ ಕಬ್ಬಿಣದ ಸಲಾಕೆ ಎತ್ತಿದ. ಮೇಸ್ತ್ರಿ ಅಲ್ಲೇ ಸತ್ತ. ಬಿಡಿಸಲು ಓಡಿ ಬಂದ ಕಾವಲುಗಾರನೂ ಉಳಿಯಲಿಲ್ಲ. ಸರ್ಕಾರಿ ವಕೀಲರು ಮರಣದಂಡನೆಯೇ ಆಗಬೇಕು ಎನ್ನುತ್ತಿದ್ದರು.

ಹನ್ನೊಂದು ಗಂಟೆಗೆ ಫೈಲಮ್ಮ ಬಂದಳು. ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಕೆಲಸ ಮಾಡುವವಳು. ಮದುವೆ ಮನೆಗೆ ಹೋದರೂ ಕಂಕುಳಲ್ಲಿ ಒಂದು ಫೈಲು ಇದ್ದೇ ಇರುತ್ತಿದ್ದರಿಂದ ಊರು ಇಟ್ಟ ಹೆಸರು ಅದು. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ.

"ಅಕ್ಕ, ಯಂತ್ರ ಸ್ವಲ್ಪ ನಿಲ್ಲಿಸ್ತೀರಾ?"

"ಇನ್ನೇನಿದೆ ಫೈಲಮ್ಮ, ಎಲ್ಲಾ ಮುಗೀತಲ್ಲ."

"ಎಲ್ಲಿ ಮುಗೀತು? ಅರ್ಧ ಆಗಿದೆ. ಅವನು ಮಾಡಿದನೋ ಇಲ್ಲವೋ ಅನ್ನೋದು ಮೊದಲನೇ ಪ್ರಶ್ನೆ. ಅದಕ್ಕೆ ನಿನ್ನೆ ಉತ್ತರ ಬಂತು. ಏನು ಶಿಕ್ಷೆ ಕೊಡಬೇಕು ಅನ್ನೋದು ಎರಡನೇದು. ಅದರ ವಿಚಾರಣೆ ಗುರುವಾರ. ಇವತ್ತು ಮಂಗಳವಾರ."

ಅಕ್ಕನ ಕಾಲು ತುಳಿಯುವುದನ್ನು ಬಿಟ್ಟಿತು. ಅವಳಿಗೆ ಇದು ಗೊತ್ತಿರಲಿಲ್ಲ. ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಎರಡನೇದಕ್ಕೆ ನಾವೇನು ಹೇಳೋಕಾಗುತ್ತೆ? ಎರಡು ಜೀವ ಹೋಗಿದೆ. ಆ ಕಾವಲುಗಾರನ ಹೆಂಡತಿ ನನ್ನ ಹತ್ರಾನೇ ಮಗಳ ಬಟ್ಟೆ ಹೊಲಿಸ್ತಿದ್ದಳು. ಈಗ ಈ ಬೀದೀಲೇ ನಡೆಯಲ್ಲ. ಅವಳ ಮುಂದೆ ನಿಂತು ನನ್ನ ತಮ್ಮ ಒಳ್ಳೆಯವನು ಅಂತ ಯಾವ ಬಾಯಲ್ಲಿ ಹೇಳಲಿ?"

"ಒಳ್ಳೆಯವನು ಅಂತ ಹೇಳಿ ಅಂತ ಯಾರೂ ಕೇಳ್ತಿಲ್ಲ. ಅವನು ಹೇಗೆ ಬೆಳೆದ, ಏನಾಗಿತ್ತು, ಅದನ್ನ ಇದ್ದ ಹಾಗೆ ಹೇಳಿ ಅಂತಷ್ಟೇ. ಶಿಕ್ಷೆ ಕೊಡೋ ಮುಂಚೆ ಅದನ್ನೂ ಕೇಳ್ಕೋಬೇಕು ಅಂತ ಕಾನೂನಿದೆ."

ಫೈಲಮ್ಮ ಒಂದು ಹಾಳೆ ತೆಗೆದಳು. ಹದಿನೈದು ದಿನದ ಹಿಂದೆ ಒಬ್ಬ ಅಧಿಕಾರಿ ಮನೆಗೆ ಬಂದು, ಬಾಗಿಲಲ್ಲೇ ನಿಂತು ನಾಲ್ಕು ಪ್ರಶ್ನೆ ಕೇಳಿ ಹೋಗಿದ್ದರು. ಅವರ ವರದಿ ಅದು.

"ಓದ್ತೀನಿ ಕೇಳಿ. 'ಆರೋಪಿಯ ಬಾಲ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಸಹೋದರಿ ತಿಳಿಸಿದ್ದಾರೆ.' ಇದು ನೀವು ಹೇಳಿದ್ದಾ ಅಕ್ಕ?"

"ಹೌದು. ಮನೇಲಿ ಏನೂ ಕಮ್ಮಿ ಮಾಡಿಲ್ಲ ಅಂದೆ. ಬಂದವರ ಮುಂದೆ ಇನ್ನೇನು ಹೇಳ್ತಾರೆ? ನಮ್ಮಪ್ಪ ಯಾವಾಗಲೂ ಅದನ್ನೇ ಹೇಳೋದು."

ಹಿಂದಿನ ಕೋಣೆಯಲ್ಲಿ ಮರ ಉಜ್ಜುವ ಸದ್ದಾಗುತ್ತಿತ್ತು. ಅಪ್ಪ ಬಡಗಿ. ಕಣ್ಣು ಮಂಜಾಗಿ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಯಾವುದೋ ಹಲಗೆಯ ತುಂಡು ಹಿಡಿದು ಉಜ್ಜುತ್ತಲೇ ಇರುತ್ತಿದ್ದ.

"ಈ ಮಾತು ಅವನಿಗೆ ಅನುಕೂಲ ಆಗುತ್ತೆ ಅಂದ್ಕೊಂಡ್ರಿ. ಮರ್ಯಾದೆ ಉಳಿಯುತ್ತೆ ಅಂದ್ಕೊಂಡ್ರಿ" ಎಂದಳು ಫೈಲಮ್ಮ. "ಆದರೆ ನ್ಯಾಯಾಧೀಶರು ಓದುವಾಗ ಹೇಗಿರುತ್ತೆ ಯೋಚಿಸಿ. ಏನೂ ಕಮ್ಮಿ ಇರಲಿಲ್ಲ, ಆದರೂ ಎರಡು ಕೊಲೆ ಮಾಡಿದ. ಹಾಗಾದರೆ ಇವನು ಹುಟ್ಟಿದ್ದೇ ಹೀಗೆ, ಬದಲಾಗೋನಲ್ಲ. ಸರ್ಕಾರಿ ವಕೀಲರು ಗುರುವಾರ ಈ ಒಂದು ಸಾಲನ್ನೇ ಹಿಡಿದು ಮಾತಾಡ್ತಾರೆ."

ಅಕ್ಕ ಕತ್ತರಿ ಎತ್ತಿಕೊಂಡಳು, ಮತ್ತೆ ಅಲ್ಲೇ ಇಟ್ಟಳು.

"ನಿಜವಾಗ್ಲೂ ಏನೂ ಕಮ್ಮಿ ಇರಲಿಲ್ವಾ?"

ಒಳಗೆ ಮರ ಉಜ್ಜುವ ಸದ್ದು ನಿಂತಿತು.

"ಇರಲಿಲ್ಲ" ಎಂದಳು ಅಕ್ಕ, ಒಳಬಾಗಿಲ ಕಡೆ ನೋಡುತ್ತ.

ಫೈಲಮ್ಮನೂ ಆ ಕಡೆ ನೋಡಿದಳು. ಎದ್ದು ನಿಂತಳು. "ನಾಳೆ ಇದೇ ಹೊತ್ತಿಗೆ ಬರ್ತೀನಿ. ಹಳೇ ಆಸ್ಪತ್ರೆ ಚೀಟಿ, ಶಾಲೆ ಕಾಗದ, ಏನಾದ್ರೂ ಇದ್ದರೆ ಹುಡುಕಿಡಿ. ಬರೀ ಬಾಯಿಮಾತಿಗಿಂತ ಒಂದು ಚೂರು ಕಾಗದ ಇದ್ದರೆ ತೂಕ ಜಾಸ್ತಿ."

ಆಸ್ಪತ್ರೆ ಚೀಟಿ ಎಲ್ಲಿಂದ ಬರಬೇಕು? ಆಸ್ಪತ್ರೆಗೆ ಹೋಗಿದ್ದರೆ ತಾನೆ? ಆಗ ತಮ್ಮನಿಗೆ ಒಂಬತ್ತು ವರ್ಷ, ಅವಳಿಗೆ ಹದಿನಾರು. ತಾಯಿ ತೀರಿಕೊಂಡು ಆರು ತಿಂಗಳು. ಅಪ್ಪ ಕುಡಿದು ಬಂದಿದ್ದ. ತಮ್ಮ ಅಪ್ಪನ ಅಳತೆಪಟ್ಟಿಯನ್ನು ಆಟಕ್ಕೆ ತೆಗೆದುಕೊಂಡು ಎಲ್ಲೋ ಬೀಳಿಸಿ ಬಂದಿದ್ದ. ಅಪ್ಪ ಹಲಗೆ ಎತ್ತಿದ. ಮೊದಲ ಏಟು ತಲೆಗೆ ಬಿತ್ತು. ಎರಡನೆಯದಕ್ಕೆ ತಮ್ಮ ಎಡಗೈ ಅಡ್ಡ ಹಿಡಿದ. ಮೂಳೆ ಮುರಿದ ಸದ್ದು ಅಕ್ಕನಿಗೆ ಕೇಳಿಸಿತ್ತು. ಏಣಿಯಿಂದ ಬಿದ್ದ ಎಂದು ಬೀದಿಗೆ ಹೇಳಿದರು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಅಂದಿನಿಂದ ತಮ್ಮ ಮಾತಾಡುತ್ತಿರುವಾಗಲೇ ಕಣ್ಣು ನೆಟ್ಟು ನಿಂತುಬಿಡುತ್ತಿದ್ದ. ಮೇಷ್ಟ್ರು ಸೋಮಾರಿ ಎಂದರು. ಮರುವರ್ಷ ಶಾಲೆ ಬಿಟ್ಟ.

ಇದನ್ನೆಲ್ಲ ಹೇಳಬೇಕೆ? ಅದೂ ಅಪ್ಪ ಬದುಕಿರುವಾಗ, ಊರು ಕೂತಿರುವ ಕಡೆ?

ಮಧ್ಯಾಹ್ನ ಪಕ್ಕದ ಮನೆಯವರು ಮಗನ ಹಳೆಯ ಅಳತೆಗೇ ಒಂದು ಪ್ಯಾಂಟು ಹೊಲಿಯಲು ಹೇಳಿ ಹೋದರು. ಅಕ್ಕ ಅಳತೆ ಪುಸ್ತಕಗಳ ಗಂಟು ಬಿಚ್ಚಿದಳು. ಹೊಲಿಗೆ ಕಲಿಯಲು ಹೋದಂದಿನಿಂದ ಅವಳು ಒಂದನ್ನೂ ಎಸೆದಿರಲಿಲ್ಲ. ಕೈಗೆ ಬಂದದ್ದು ಎಲ್ಲಕ್ಕಿಂತ ಕೆಳಗಿದ್ದ, ಹೊದಿಕೆ ಹರಿದ ಪುಸ್ತಕ.

ಹೊಲಿಗೆಯವರು ಎರಡೂ ತೋಳು ಅಳೆಯುವುದಿಲ್ಲ. ಒಂದನ್ನು ಅಳೆದು ಬರೆದುಕೊಂಡರೆ ಎರಡಕ್ಕೂ ಅದೇ. ಆದರೆ ಆ ಪುಸ್ತಕದಲ್ಲಿ ಹದಿಹರೆಯದ ಹುಡುಗಿಯ ಗುಂಡು ಅಕ್ಷರದಲ್ಲಿ ಎರಡು ಸಾಲು ಇತ್ತು. ಮೊದಲನೆಯದು ತಮ್ಮನ ಶಾಲೆಯ ಅಂಗಿ: ತೋಳು ಹದಿನಾಲ್ಕು. ಎರಡನೆಯದು ಒಂದೂವರೆ ವರ್ಷದ ನಂತರದ್ದು, ತಾರೀಕು ಸಮೇತ: ಬಲತೋಳು ಹದಿನೈದು, ಎಡತೋಳು ಒಂದಿಂಚು ಕಮ್ಮಿ.

ಅವಳಿಗೆ ನೆನಪಾಯಿತು. ಎರಡೂ ತೋಳು ಸಮ ಮಾಡಿ ಹೊಲಿದರೆ ಎಡಗೈಯ ಬೆರಳು ತೋಳಿನೊಳಗೆ ಮುಚ್ಚಿಹೋಗುತ್ತಿತ್ತು. ಹುಡುಗರು ನಗುತ್ತಾರೆಂದು ತಮ್ಮ ಅತ್ತಿದ್ದ. ಅಂದಿನಿಂದ ಅವಳು ಅವನಿಗೆ ಮಾತ್ರ ಎರಡೂ ತೋಳು ಅಳೆಯುತ್ತಿದ್ದಳು.

ಕಮ್ಮಿ. ತಾನೇ ಬರೆದಿಟ್ಟಿದ್ದಳು. ಅಧಿಕಾರಿಯ ಮುಂದೆ ಏನೂ ಕಮ್ಮಿ ಇಲ್ಲ ಎಂದವಳೂ ತಾನೇ.

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಆ ಹೆಂಗಸು ಹೇಳಿದ್ದು ಕೇಳಿಸ್ತು" ಎಂದ. "ಹೇಳಬೇಡ ಮಗಾ. ಅವನಂತೂ ಹೋದ. ನನ್ನ ಹೆಸರೂ ಯಾಕೆ ಕೆಡಿಸ್ತೀಯ?"

"ಅವನು ಇನ್ನೂ ಹೋಗಿಲ್ಲ ಅಪ್ಪ. ಗುರುವಾರದ ತನಕ ಇದಾನೆ."

"ನಾನು ಹೊಡೆದಿದ್ದಕ್ಕೆ ಅವನು ಕೊಲೆ ಮಾಡಿದನಾ? ನಿನಗೂ ಹೊಡೆದಿದೀನಲ್ಲ. ನೀನೇನು ಯಾರನ್ನಾದ್ರೂ ಕೊಂದೆಯಾ?"

ಅಕ್ಕ ಎದ್ದಳು. ಪುಸ್ತಕವನ್ನು ಅವನ ಮುಂದೆ ಹಿಡಿದಳು. ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ಅವಳೇ ಓದಿದಳು. "ಬಲತೋಳು ಹದಿನೈದು. ಎಡತೋಳು ಒಂದಿಂಚು ಕಮ್ಮಿ."

ಅಪ್ಪ ಜೀವಮಾನವೆಲ್ಲ ಅಳತೆಯಲ್ಲೇ ಬದುಕಿದವನು. ಒಂದಿಂಚು ಎಂದರೆ ಎಷ್ಟು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಸ್ವಲ್ಪ ಅಗಲಿಸಿ ಗಾಳಿಯಲ್ಲಿ ಹಿಡಿದ. ಆಮೇಲೆ ಒಳಗೆ ಹೋದ. ಮರ ಉಜ್ಜುವ ಸದ್ದು ಅಂದು ಮತ್ತೆ ಕೇಳಲಿಲ್ಲ.

ಬುಧವಾರ ಫೈಲಮ್ಮ ಬಂದಾಗ ಅಕ್ಕ ನಡೆದದ್ದನ್ನೆಲ್ಲ ಹೇಳಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಫೈಲಮ್ಮ ಒಂದೊಂದೇ ಪುಟ ತಿರುಗಿಸಿ ನೋಡಿದಳು.

"ಇದು ನಡೆಯುತ್ತಾ?" ಎಂದು ಕೇಳಿದಳು ಅಕ್ಕ. "ಇದು ಬರೀ ಅಂಗಿ ಅಳತೆ."

"ಮುಚ್ಚಿಟ್ಟಿದ್ದಕ್ಕೆ ಬೇರೆ ಯಾವ ಕಾಗದ ಇರುತ್ತೆ ಹೇಳಿ? ನಡೆಯುತ್ತೆ. ವಕೀಲರು ಇದನ್ನ ಕೋರ್ಟಿಗೆ ಕೊಟ್ಟು, ಅವನ ಕೈ, ತಲೆ, ಮನಸ್ಸು ಎಲ್ಲಾನೂ ಡಾಕ್ಟರು ನೋಡಲಿ ಅಂತ ಕೇಳ್ತಾರೆ. ಆದರೆ ಇದನ್ನ ಬರೆದವರು ಬಂದು ಹೇಳಬೇಕು."

"ಬರ್ತೀನಿ. ಬಾಯಿ ಒಣಗಿದ್ರೆ ಬೈಬೇಡಿ."

"ನೀರಿನ ಬಾಟಲಿ ಫೈಲಲ್ಲೇ ಇಟ್ಕೊಂಡಿರ್ತೀನಿ."

ಗುರುವಾರ ಕೋರ್ಟಿನ ಬೆಂಚು ತುಂಬಿತ್ತು. ಮೊದಲ ಸಾಲಿನಲ್ಲಿ ಕಾವಲುಗಾರನ ಹೆಂಡತಿ ಮಗಳನ್ನು ತೊಡೆಗೆ ಒತ್ತಿಕೊಂಡು ಕೂತಿದ್ದಳು. ತಮ್ಮ ಕಟಕಟೆಯೊಳಗೆ ನಿಂತಿದ್ದ. ಜೈಲಿನವರು ಕೊಟ್ಟ ಅಂಗಿಯಲ್ಲಿ ಅವನ ಎಡಗೈಯ ಬೆರಳುಗಳು ತೋಳಿನೊಳಗೆ ಮುಚ್ಚಿಹೋಗಿದ್ದವು. ಅಕ್ಕನಿಗೆ ಮೊದಲು ಕಂಡದ್ದು ಅದೇ.

ಅವಳು ಹೇಳಿದಳು. ಹಲಗೆ, ತನಗೂ ಬಿದ್ದ ಏಟು, ಏಣಿಯ ಸುಳ್ಳು, ಬಿದಿರಿನ ದಬ್ಬೆ, ನೆಟ್ಟು ನಿಲ್ಲುವ ಕಣ್ಣು. ಮೊದಲು ತಾನು ಏನೂ ಕಮ್ಮಿ ಇಲ್ಲ ಎಂದದ್ದು ತಪ್ಪು ಎಂದೂ ಹೇಳಿದಳು.

ಸರ್ಕಾರಿ ವಕೀಲರು ಎದ್ದರು. "ಪೆಟ್ಟು ತಿಂದವರೆಲ್ಲ ಕೊಲೆ ಮಾಡ್ತಾರಾ ಅಮ್ಮಾ? ನಿಮಗೂ ಬಿದ್ದಿದೆ ಅಂತೀರಿ. ನೀವು ಮಾಡಲಿಲ್ಲವಲ್ಲ?"

ಅಪ್ಪ ಕೇಳಿದ ಪ್ರಶ್ನೆಯೇ. ಅಕ್ಕ ಸಾಕ್ಷಿ ಕಟಕಟೆಯ ಅಂಚು ಹಿಡಿದುಕೊಂಡಳು.

"ಮಾಡಲಿಲ್ಲ ಸ್ವಾಮಿ. ಅವನು ಮಾಡಿದ್ದು ತಪ್ಪೇ. ಅಲ್ಲಿ ಕೂತಿರೋ ತಾಯಿಗೆ ನಾನು ಏನು ಹೇಳಿದರೂ ಸಾಲಲ್ಲ. ಅವನನ್ನ ಬಿಡಿ ಅಂತ ಕೇಳೋಕೆ ಬಂದಿಲ್ಲ. ನಾವು ಹೊಲಿಗೆಯವರು ಒಂದೇ ತೋಳು ಅಳೆದು ಎರಡಕ್ಕೂ ಕತ್ತರಿ ಹಾಕ್ತೀವಿ. ಬಟ್ಟೆ ಕೆಟ್ಟರೆ ಬೇರೆ ತರಬಹುದು. ನೀವು ಇಲ್ಲಿ ಜೀವಕ್ಕೆ ಕತ್ತರಿ ಹಾಕೋ ಮುಂಚೆ ಎರಡೂ ತೋಳು ಅಳೀರಿ. ಅಷ್ಟೇ."

ನ್ಯಾಯಾಧೀಶರು ಪುಸ್ತಕ ತರಿಸಿಕೊಂಡು ನೋಡಿದರು. ಡಾಕ್ಟರ ತಪಾಸಣೆಗೆ ಬರೆದುಕೊಟ್ಟು ವಿಚಾರಣೆಯನ್ನು ಮೂರು ವಾರ ಮುಂದಕ್ಕೆ ಹಾಕಿದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಮುದುಕ, ಗೋಡೆ ಸವರುತ್ತ, ಎದ್ದು ನಿಂತ. ಅವನು ಬಂದದ್ದು ಅಕ್ಕನಿಗೆ ಗೊತ್ತೇ ಇರಲಿಲ್ಲ.

"ಅವಳು ಹೇಳಿದ್ದು ನಿಜ ಸ್ವಾಮಿ" ಎಂದ ಅಪ್ಪ. "ಆ ಹಲಗೆ ಎತ್ತಿದೋನು ನಾನೇ."

ಕಟಕಟೆಯಲ್ಲಿದ್ದ ತಮ್ಮ ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿದ.

ಮೂರು ವಾರದ ಮೇಲೆ ಡಾಕ್ಟರ ವರದಿ ಬಂತು. ಕೈಯಲ್ಲಿ ಹಳೆಯ ಮುರಿತದ ಗುರುತಿತ್ತು, ತಲೆಯಲ್ಲಿ ಹಳೆಯ ಪೆಟ್ಟಿತ್ತು. ಕಣ್ಣು ನೆಟ್ಟು ನಿಲ್ಲುವುದು ಸೋಮಾರಿತನವಲ್ಲ, ಚಿಕಿತ್ಸೆಯಿಲ್ಲದೆ ಉಳಿದ ಮೂರ್ಛೆರೋಗ. ನ್ಯಾಯಾಧೀಶರು ಮರಣದಂಡನೆ ಕೊಡಲಿಲ್ಲ. ಜೀವಾವಧಿ ಎಂದರು. ಯಾರೂ ನಗಲಿಲ್ಲ, ಯಾರೂ ಕೈ ಮುಗಿಯಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಕಾವಲುಗಾರನ ಹೆಂಡತಿ ಅಕ್ಕನ ಎದುರು ಬಂದು ನಿಂತಳು.

"ನಾನು ಕ್ಷಮಿಸಿಲ್ಲ" ಎಂದಳು.

"ಗೊತ್ತು."

"ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿದ್ದೆ. ಹೇಳಲಿಲ್ಲ." ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದಳು.

ಮುಂದಿನ ತಿಂಗಳು ಜೈಲಿನಲ್ಲಿ ಅನುಮತಿ ಪಡೆದು ಅಕ್ಕ ತಮ್ಮನಿಗೆ ಒಂದು ಅಂಗಿ ಹೊಲಿದುಕೊಟ್ಟಳು. ಕತ್ತರಿಸುವಾಗ ಅಪ್ಪ ಪಕ್ಕದಲ್ಲಿ ಕೂತು ಕೇಳಿದ: "ಎಡಗಡೆ ಒಂದಿಂಚು ಕಮ್ಮಿ ಮಾಡಿದೆಯಾ?"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ಕಷ್ಟ ಯಾರ ಮನೆಗೂ ಬರದಿರಲಿ. ಬಂದರೆ, ಅಥವಾ ನೆರೆಮನೆಗೆ ಬಂದರೆ, ಅಪರಾಧಿ ಎಂದ ದಿನವೇ ಎಲ್ಲ ಮುಗಿಯಿತೆಂದು ಬಾಗಿಲು ಹಾಕಿಕೊಳ್ಳಬೇಡಿ. ಶಿಕ್ಷೆಯ ವಿಚಾರಣೆ ಯಾವತ್ತು ಎಂದು ಅವತ್ತೇ ವಕೀಲರನ್ನು ಕೇಳಿ. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗಿ. ವಿಚಾರಿಸಲು ಬಂದ ಅಧಿಕಾರಿಯನ್ನು ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದು ಕೂರಿಸಿ. ಕಾಯಿಲೆ, ಪೆಟ್ಟು, ಹಸಿವು, ಬಿಟ್ಟ ಶಾಲೆ, ಏನಿದ್ದರೂ ಇದ್ದ ಹಾಗೆ ಹೇಳಿ. ಹೆಚ್ಚು ಮಾಡಿ ಹೇಳಬೇಡಿ, ಮುಚ್ಚಿಯೂ ಇಡಬೇಡಿ. ಹಳೆಯ ಕಾಗದ ಯಾವುದನ್ನೂ ಎಸೆಯಬೇಡಿ.

ಇನ್ನೂ ಒಂದು ಮಾತು. ನಿಮ್ಮ ಮನೆಯಲ್ಲಿ ಇವತ್ತು ಯಾವ ಮಗುವಾದರೂ ಏಣಿಯಿಂದ ಬಿದ್ದಿದ್ದರೆ, ಏಣಿ ಎಲ್ಲಿತ್ತು ಎಂದು ಇವತ್ತೇ ಕೇಳಿ.